ಅವ್ವ ಔಷಧಿ ತಗೊಂಡಳು

ಫೋನು ಕಟ್ಟಾಯಿತು. ಹಾಸನದ ಬಸ್ ಸ್ಟ್ಯಾಂಡಿನೆದುರು ಆಟೋದಲ್ಲಿ ಕುಳಿತಿದ್ದ ಭೀಮ ಫೋನನ್ನೇ ನೋಡಿದ.

"ಔಷ್ದಿ ತಗಂಡ್ಬುಟ್ಟೆ ಕಣ್ಲಾ ಮಗಾ. ಇನ್ ನಿಂಗೆ ನನ್ ಕಾಟ ಇರಾಕಿಲ್ಲ," ಎಂದಿದ್ದಳು ಅವ್ವ ಹೊನ್ನಕ್ಕ. ಅಷ್ಟೇ.

ಮತ್ತೆ ಮಾಡಿದ. ಎತ್ತಲಿಲ್ಲ. ಬೆಳಿಗ್ಗೆ ಮನೆ ಬಿಡುವಾಗ ಆಡಿದ ಮಾತು ನೆನಪಾಯಿತು. ಇಪ್ಪತ್ತು ದಿನದಿಂದ ಮಂಡಿನೋವಿನ ಅದೇ ರಾಗ. ರೇಗಿ, "ಏನಾರ ತಗಂಡ್ ಬಿದ್ಕ ಅತ್ಲಾಗೆ," ಅಂದುಬಿಟ್ಟಿದ್ದ. ಹೆತ್ತವಳಿಗೆ ಆಡುವ ಮಾತೇ ಅದು? ಆಲೂಗಡ್ಡೆಗೆ ಹೊಡೆಯುವ ಔಷಧಿಯ ಡಬ್ಬ ಅಟ್ಟದ ಮೇಲಿಟ್ಟವನೂ ಅವನೇ.

ತನ್ನೂರು ಕಟ್ಟಾಯದ ಪಕ್ಕದ ಮನೆಗೆ ಫೋನು ಹೋಯಿತು. "ಚಿಕ್ಕಯ್ಯಣ್ಣ, ಅವ್ವ ಔಷ್ದಿ ತಗಂಡವ್ಳೆ. ಓಡೋಗಿ ನೋಡು, ಡಬ್ಬ ಅಟ್ಟದ್ ಮ್ಯಾಲದೆ."

ಚಿಕ್ಕಯ್ಯ ಬಾಗಿಲು ತಳ್ಳಿದ. ಹೊನ್ನಕ್ಕ ಮಲಗಿದ್ದಳು. ಕಣ್ಣುರಿಯುವಂಥ ಘಾಟು.

"ಔಷ್ದಿ ತಗಂಡಿದೀಯಾ?"

"ತಗಂಡಿವ್ನಿ. ಅದ್ಕೇನೀಗ?"

"ಎಷ್ಟು?"

"ಒಂದ್ ಪೂರ್ತಿ ಆಯ್ತು."

ಚಿಕ್ಕಯ್ಯನಿಗೆ ಅಷ್ಟು ಸಾಕಾಯಿತು. ಅಟ್ಟದ ಡಬ್ಬ ಕಂಕುಳಲ್ಲಿ, ಹೊನ್ನಕ್ಕ ಹೆಗಲ ಮೇಲೆ. "ನಂಗೇನಾಗದೆ? ಬುಡ್ಲಾ" ಎಂದು ಆಕೆ ಬಡಿದುಕೊಂಡರೂ ಬಿಡದೆ ಸಿಕ್ಕ ಜೀಪು ಹತ್ತಿಸಿದ. ಔಷಧಿ ತಗೊಂಡವರೆಲ್ಲ ಹಾಗೇ ಅನ್ನುವುದು.

ಹಾಸನದ ಆಸ್ಪತ್ರೆಯ ಬಾಗಿಲಲ್ಲಿ ಭೀಮ ಕಾದು ನಿಂತಿದ್ದ. ಅವ್ವನ ತೋಳಿನ ಮೇಲೆ ಕಪ್ಪು ಕಲೆಗಳು. ವಿಷ ಆಗಲೇ ಏರಿದೆ. ಅವ್ವನಿಲ್ಲದ ಮನೆ ಅವನ ಕಣ್ಣ ಮುಂದೆ ಬಂದು ಅಳು ಒತ್ತರಿಸಿತು.

ಡಾಕ್ಟರ್ ಮಾನಸಾ ರಕ್ತ ತೆಗೆಸಿದರು. ಡಬ್ಬ ನೋಡಿದರು. ಸೀಲೇ ಒಡೆದಿರಲಿಲ್ಲ.

"ಏನು ಕುಡಿದ್ರಿ ಅಮ್ಮಾ?"

"ಕುಡಿಯೋದಾ? ಮಂಡಿಗ್ ಅಚ್ಚೋ ಔಷ್ದಿ ಕಣವ್ವ. ಒಂದ್ ಟ್ಯೂಬು ಪೂರ್ತಿ ಆಯ್ತು, ಮೆಡಿಕಲ್ಲಲ್ಲಿ ಇನ್ನೊಂದ್ ದೊಡ್ ಟ್ಯೂಬು ತಗಂಡೆ. ಅದ್ನೇ ಇವನ್ಗೆ ಫೋನಲ್ಲಿ ಅಂದಿದ್ದು."

ಹೊಲಕ್ಕೆ ಹೊಡೆಯುವುದೂ ಔಷಧಿ, ಮೈಗೆ ಹಚ್ಚುವುದೂ ಔಷಧಿ. ಕೊಂಡರೂ ತಗೊಂಡಂತೆ, ಕುಡಿದರೂ ತಗೊಂಡಂತೆ. ನಮ್ಮ ಕಡೆಯ ಭಾಷೆಗೆ ಏನನ್ನೋಣ? ಚಿಕ್ಕಯ್ಯ ಹಣೆ ಚಚ್ಚಿಕೊಂಡ. ಭೀಮ ಅಳುತ್ತಲೇ ನಕ್ಕ. "ನಡಿಯವ್ವ, ಮನೆಗ್ ಓಗಾನ."

ಮಾನಸಾ ನಗಲಿಲ್ಲ. ರಕ್ತದ ರಿಪೋರ್ಟು ಬಂದಿತ್ತು. ಎರಡು ಸಲ ಓದಿದರು.

"ದಿನಾ ಎಷ್ಟು ಸಲ ಹಚ್ತೀರಾ?"

"ಐದಾರ್ ಸಲ, ಇಪ್ಪತ್ ದಿನದಿಂದ. ಮೇಲೆ ಪ್ಲಾಸ್ಟಿಕ್ ಸುತ್ತಿ ಬಿಸ್ನೀರ್ ಬ್ಯಾಗ್ ಮಡಿಕತೀನಿ. ಚೆಂದಾಗ್ ಒಳೀಕ್ ಇಳೀತದೆ."

"ಬೇರೆ ಮಾತ್ರೆ?"

"ಆರ್ಟ್ ವಾಲ್ವ್ ಆಪ್ರೇಸನ್ ಆದಾಗಿಂದ ರಕ್ತ ತೆಳ್ಳಗಾಗೋ ಮಾತ್ರೆ ನುಂಗ್ತಾಳೆ," ಎಂದ ಭೀಮ. "ಮುಲಾಮ್ನಿಂದ ಏನಾದಾತು ಮೇಡಂ?"

"ಚರ್ಮದಿಂದ ಒಳಗಿಳಿದ ಮುಲಾಮು ಮಾತ್ರೆಯ ಜೋರು ಹೆಚ್ಚಿಸಿದೆ. ಮೈಯೊಳಗೆ ರಕ್ತ ಸೋರೋಕೆ ಶುರುವಾಗಿದೆ, ತೋಳಿನ ಕಲೆಗಳೂ ಅದೇ," ಎಂದು ಮಾನಸಾ ದಾಖಲಾತಿಯ ಚೀಟಿ ಬರೆಯತೊಡಗಿದರು. "ಅಮ್ಮನ ಮಾತು ನಿಮಗೆ ಸರಿಯಾಗಿ ಅರ್ಥವಾಗಿದ್ದಿದ್ರೆ, ಇವರು ನಾಳೆ ಬೆಳಗಾಗೋದನ್ನ ನೋಡ್ತಿರಲಿಲ್ಲ."