ತುಂಡಾಗದ ಗೆರೆ

ಹೆಂಡತಿಯ ಮೇಲೆ ಕಣ್ಣಿಡುವುದು ತುಷಾರನ ಕೆಲಸವಾಗಿರಲಿಲ್ಲ. ಹೆಂಡತಿಯ ಲ್ಯಾಪ್‌ಟಾಪಿನ ಮೇಲೆ ಕಣ್ಣಿಡುವುದು ಮಾತ್ರ ಅವನ ಕೆಲಸವೇ ಆಗಿತ್ತು.

ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ವಿಕ್ರೋಳಿಯ ಆಫೀಸಿನ ಆರನೇ ಮಹಡಿ. ಅಕ್ಕಪಕ್ಕ ನೋಡಿ ಧಾತ್ರಿಯ ಯಂತ್ರದ ಸಂಖ್ಯೆ ಒತ್ತಿದ. ಪರದೆಯ ಮೇಲೆ ನೀಲಿ ಗೆರೆ ಮೂಡಿತು. ನಲವತ್ತೊಂದು ಶೇಕಡಾ. ಮೊನ್ನೆಯೂ ಅಷ್ಟೇ.

"ಎಂತ ಸರ್, ಪುನಃ ಮೇಡಮ್ ಗೆರೆಯಾ?" ಹಿಂದಿನಿಂದ ಸ್ಟೋರಿನ ಅಣ್ಣು ಕೇಳಿದ. ಹೊಸ ಮೌಸ್ ಕೊಡಲು ಬಂದಿದ್ದ. "ಫೋನ್ ಅಂತ ಒಂದು ಉಂಟು ಮಾರಾಯ್ರೆ."

"ಫೋನ್ ಮಾಡಬೇಡ ಅಂದಿದ್ದಾಳೆ."

"ಹಾಗಾದ್ರೆ ಮಾಡ್ಬೇಕು ಅಂತ ಅರ್ಥ," ಎಂದು ಅಣ್ಣು ಮೌಸ್ ಇಟ್ಟು ಹೋದ.

ಕಂಪನಿಯ ನಾಲ್ಕು ಸಾವಿರ ಯಂತ್ರಗಳು ದಿನಕ್ಕೆ ಎಷ್ಟು ದುಡಿದವು ಎಂದು ತುಷಾರನ ತಂತ್ರಾಂಶ ಒಟ್ಟುಗೂಡಿಸುತ್ತಿತ್ತು. ಯಂತ್ರಕ್ಕೊಂದು ಗೆರೆ, ದಿನಕ್ಕೊಂದು ಅಂಕೆ. ಯಾವ ಯಂತ್ರಕ್ಕೆ ಬಲ ಸಾಲದು, ಯಾವುದು ಸುಮ್ಮನೆ ದಂಡಕ್ಕೆ ಬಿದ್ದಿದೆ ಎಂದು ಸೋಮವಾರ ಮೇಲಿನವರಿಗೆ ವರದಿ. ಅವನು ಬರುವ ಮೊದಲು ಗೆರೆಗಳು ಅಲ್ಲಲ್ಲಿ ತುಂಡಾಗುತ್ತಿದ್ದವು, ಮೇಲಿನವರು ರೇಗುತ್ತಿದ್ದರು. ಅವನು ಬಂದ ಮೇಲೆ ಒಂದೂ ತುಂಡಾಗಿಲ್ಲ. ಅದಕ್ಕೆಂದು ಕೊಟ್ಟ ಹಿತ್ತಾಳೆಯ ಫಲಕ ಮೇಜಿನ ಮೇಲಿತ್ತು.

ಎರಡನೇ ತಾರೀಕು ಧಾತ್ರಿ ಮನೆ ಬಿಟ್ಟಿದ್ದಳು. ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದ್ದಳು.

"ಎರಡು ದಿನ ಜ್ವರ ಬಂದು ಮಲಗಿದ್ದೆ ತುಷಾರ್. ಯಾವುದೋ ಸರ್ವರ್ ಅರ್ಧ ಪರ್ಸೆಂಟ್ ಇಳಿದರೆ ನಿನಗೆ ಗೊತ್ತಾಗುತ್ತೆ. ಪಕ್ಕದ ರೂಮಲ್ಲಿ ನಾನು ಮಲಗಿದ್ದು ಗೊತ್ತಾಗಲಿಲ್ಲ."

"ಹೇಳಬಹುದಿತ್ತಲ್ಲ?"

"ಸರ್ವರ್ ಬಂದು ಹೇಳುತ್ತಾ?" ಅವಳು ನಕ್ಕಿದ್ದಳು. "ಚೆಂಬೂರಿನಲ್ಲಿ ಸುಪ್ರಜಾ ಮನೆಯಲ್ಲಿರ್ತೀನಿ. ಇಪ್ಪತ್ತೆಂಟಕ್ಕೆ ವಕೀಲರ ಹತ್ತಿರ ಹೋಗೋಣ. ಅಷ್ಟರೊಳಗೆ ನನಗೆ ಏನಾದರೂ ಆದರೆ ನಿನಗೆ ತಾನಾಗಿ ಗೊತ್ತಾಗುತ್ತಾ ನೋಡೋಣ. ಗೊತ್ತಾದರೆ ಬಾ. ಒಂದು ಮಾತೂ ಕೇಳದೆ ವಾಪಸ್ ಬರ್ತೀನಿ. ಫೋನ್ ಮಾತ್ರ ಮಾಡಬೇಡ."

ಅವಳೂ ಅದೇ ಕಂಪನಿ, ಬೇರೆ ವಿಭಾಗ. ಮನೆಯಿಂದಲೇ ಕೆಲಸ. ಹಾಗಾಗಿ ಅವಳನ್ನು ಕಾಯಲು ಅವನಿಗೆ ಗೊತ್ತಿದ್ದ ದಾರಿ ಒಂದೇ.

ಮೊದಲ ವಾರ ಗೆರೆ ಹುಚ್ಚು ಹಿಡಿದಂತೆ ಕುಣಿಯಿತು. ಅರವತ್ತಮೂರು. ಇಪ್ಪತ್ತೆರಡು. ಐವತ್ತೆಂಟು. ಕೆಲಸದಲ್ಲಿ ಅವಳಿಗೆ ಮನಸ್ಸು ನಿಲ್ಲುತ್ತಿಲ್ಲ ಎಂದುಕೊಂಡ. ಎಂಟನೇ ತಾರೀಕು ಸಂಜೆ ರಿಕ್ಷಾ ಹತ್ತಿ, "ಚೆಂಬೂರ್" ಎಂದವನು, ಮುಂದಿನ ಸಿಗ್ನಲ್‌ನಲ್ಲಿ ಇಳಿದುಬಿಟ್ಟ. ಇನ್ನೊಂದು ದಿನ ನೋಡೋಣ.

ಅಂದಿನ ಅಂಕೆ ನಲವತ್ತೊಂದು. ಒಂಬತ್ತಕ್ಕೂ ನಲವತ್ತೊಂದು. ಹತ್ತಕ್ಕೂ ನಲವತ್ತೊಂದು. ಹನ್ನೊಂದಕ್ಕೂ. ಭಾನುವಾರವೂ ಅಷ್ಟೇ. ರಜೆಯ ದಿನವೂ ದುಡಿಯುತ್ತಿದ್ದಾಳೆ, ಮರೆಯಲು ದುಡಿಯುತ್ತಿದ್ದಾಳೆ ಎಂದುಕೊಂಡ. ಗೆರೆ ಒಂದು ಸಲ ನಡುಗಿದರೆ ಸಾಕು, ಓಡುತ್ತೇನೆ ಎಂದು ದಿನವೂ ಕಾದ. ಅದು ನಡುಗಲಿಲ್ಲ. ಅವನಿಲ್ಲದೆ ಅವಳು ನೆಲೆಗೆ ಬಂದಿದ್ದಳು. ಮದುವೆಯಾದ ಆರು ವರ್ಷದಲ್ಲಿ ಅವಳು ಇಷ್ಟು ನೆಮ್ಮದಿಯಾಗಿದ್ದದ್ದನ್ನು ಅವನು ಕಂಡಿರಲಿಲ್ಲ.

ಇಪ್ಪತ್ತೆಂಟರ ಬೆಳಿಗ್ಗೆ ಸಯನ್‌ನಲ್ಲಿ ವಕೀಲರ ಕೋಣೆ. ಧಾತ್ರಿ ತಂಗಿ ಸುಪ್ರಜಾಳ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದಳು. ತೆಳ್ಳಗಾಗಿದ್ದಳು. ಅದೂ ಅವಳಿಗೆ ಒಪ್ಪುತ್ತಿತ್ತು.

"ನೋಡ್ತಿದ್ದೆಯಾ?" ಎಂದಳು.

"ದಿನಾ."

ಅವಳ ಮುಖದಲ್ಲಿ ಏನೋ ಹೊತ್ತಿಕೊಂಡಿತು. "ದಿನಾನಾ? ಏನು ಕಾಣಿಸ್ತು?"

"ನೀನು ಚೆನ್ನಾಗಿದ್ದೀಯ ಅಂತ."

ಹೊತ್ತಿಕೊಂಡದ್ದು ಆರಿತು. ಅವಳು ಪೆನ್ನು ತೆಗೆದುಕೊಂಡಳು. ವಿಚ್ಛೇದನದ ಕಾಗದವನ್ನು ಒತ್ತಿಹಿಡಿದ ಎಡಗೈಯ ಹಿಂಬದಿಯಲ್ಲಿ ಹಸಿರು ಮಿಶ್ರಿತ ನೀಲಿ ಕಲೆ. ಶಾಯಿ ಇರಬೇಕು ಎಂದುಕೊಂಡು ಅವನೂ ಸಹಿ ಹಾಕಿದ.

ಹೊರಗೆ ಸುಪ್ರಜಾ ಅವನ ಎದೆಗೆ ಒಂದು ಬ್ಯಾಗು ಒತ್ತಿದಳು. "ಅಕ್ಕನ ಲ್ಯಾಪ್‌ಟಾಪ್. ಕೆಲಸ ಬಿಡ್ತಿದ್ದಾಳೆ, ಒಪ್ಪಿಸಿಬಿಡಿ. ನಿಮಗೆ ಎಲ್ಲಾ ಗೊತ್ತಾಗುತ್ತಂತಲ್ಲ ಭಾವ. ಎಂಥ ಮನುಷ್ಯರು ನೀವು!"

ಮಧ್ಯಾಹ್ನ ಆಫೀಸಿನಲ್ಲಿ ಅಣ್ಣು ಬಂದು ತುಷಾರನ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದ. ವೈರು ಚುಚ್ಚಿ, ಪರೀಕ್ಷೆ ಮಾಡಿ, ರಿಜಿಸ್ಟರಿನಲ್ಲಿ ಬರೆದು, ವೈರು ಕಿತ್ತ. ಪರದೆ ಕಪ್ಪಾಯಿತು.

"ಬ್ಯಾಟರಿ ಪೂರಾ ಸತ್ತಿದೆ ಸರ್. ಎಂಟನೇ ತಾರೀಕಿನ ನಂತರ ಇದನ್ನು ಯಾರೂ ಆನ್ ಮಾಡಲೇ ಇಲ್ಲ."

"ನಿನ್ನೆವರೆಗೂ ಕೆಲಸ ಮಾಡಿದ್ದಾಳೆ."

"ಯಾರು ಹೇಳಿದ್ದು?"

"ವರದಿ."

ಅಣ್ಣು ರಿಜಿಸ್ಟರ್ ಮುಚ್ಚಿದ. ಬ್ಯಾಗಿನ ಪಕ್ಕದ ಜೇಬಿನಿಂದ ಮಡಿಸಿದ ಫೈಲೊಂದನ್ನು ತೆಗೆದು ಅವನ ಮುಂದಿಟ್ಟ. ಆಸ್ಪತ್ರೆಯದು. ದಾಖಲಾದದ್ದು ಒಂಬತ್ತು. ಬಿಡುಗಡೆ ಇಪ್ಪತ್ತಾರು. ಅದರಲ್ಲಿ ಆರು ದಿನ ಐಸಿಯು. ತುರ್ತಿಗೆ ಯಾರಿಗೆ ತಿಳಿಸಬೇಕು ಎಂಬಲ್ಲಿ ತುಷಾರನ ಹೆಸರು, ನಂಬರು. ಪಕ್ಕದಲ್ಲಿ ಧಾತ್ರಿಯ ನಡುಗುವ ಕೈಬರಹ: ಫೋನ್ ಮಾಡಬೇಡಿ, ಅವನಿಗೆ ತಾನಾಗಿ ಗೊತ್ತಾಗುತ್ತದೆ.

ತುಷಾರ್ ಹಿತ್ತಾಳೆಯ ಫಲಕವನ್ನು ನೋಡಿದ. ಆಮೇಲೆ, ಎರಡು ವರ್ಷದ ಹಿಂದೆ ತಾನೇ ಬರೆದ ಒಂದು ಸಾಲಿನ ನಿಯಮ ನೆನಪಾಯಿತು: ಯಾವುದೇ ಯಂತ್ರ ಮಾತು ನಿಲ್ಲಿಸಿ ಅಂಕೆ ಕಳಿಸದಿದ್ದರೆ ಅದರ ಕೊನೆಯ ಅಂಕೆಯನ್ನೇ ದಿನವೂ ತುಂಬುತ್ತಾ ಹೋಗು, ಗೆರೆ ತುಂಡಾಗಬಾರದು.

ಮೇಜಿನ ಮೇಲೆ ಸತ್ತು ಬಿದ್ದ ಲ್ಯಾಪ್‌ಟಾಪಿನ ಹಿಂದೆ, ಅವನ ಪರದೆಯಲ್ಲಿ, ಧಾತ್ರಿ ಇನ್ನೂ ನಲವತ್ತೊಂದು ಶೇಕಡಾ ಚೆನ್ನಾಗಿದ್ದಳು.