ತೂತು ಬಿದ್ದ ಹೆಗಲ ಮೂಳೆ

ಚಿಂಪಾಂಜಿಯ ಹೆಗಲ ಮೂಳೆಯ ನಟ್ಟನಡುವೆ ಬಟಾಣಿ ಗಾತ್ರದ ತೂತು ಬಿದ್ದಿತ್ತು. ಡಾಕ್ಟರ್ ಎರ್ಮೆಕ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತೂತಿನೊಳಗಿಂದ ತಮ್ಮ ಸಹಾಯಕ ಶೈಲೋನ ಮುಖವನ್ನು ನೋಡಿದರು.

"ನಿನ್ನೆ ಸಂಜೆ ಬೀಗ ಹಾಕಿದ್ದು ಯಾರು?"

"ನಾನೇ, ಅಗಾಯ್," ಎಂದು ಶೈಲೋ ಗುರುವಿಗೆ ಹೇಳಿದ. " ಆಗ ಸರಿಯಾಗೇ ಇತ್ತು."

"ಓಹೋ! ಹಾಗಾದ್ರೆ ಅದೇ ಎದ್ದು ತೂತು ಕೊರ್ಕೊಂಡಿರ್ಬೇಕು. ಲೇಖನದಲ್ಲಿ ನಿನ್ನ ಹೆಸರು ಹಾಕಲ್ಲ ಅಂದಿದ್ದಕ್ಕೆ ಹೀಗೆ ಸೇಡು ತೀರಿಸ್ಕೊಂಡ್ಯಾ? ಗುರುವಾರ ವಾಪಸ್ ಕಳಿಸ್ಬೇಕು ಇದನ್ನ. ಏನಂತ ಹೇಳ್ಲಿ ಎರವಲು ಕೊಟ್ಟೋರಿಗೆ?"

ಬಾಗಿಲ ಬಳಿ ನೆಲ ಒರೆಸುತ್ತಿದ್ದ ಕುಲಿಪಾಳ ಕೈ ನಿಂತಿತು. ಬಿಷ್ಕೆಕ್‌ನ ಆ ವೈದ್ಯ ವಿದ್ಯಾಲಯದ ಮೂಳೆ ಕೋಣೆಯನ್ನು ಒಂಬತ್ತು ವರ್ಷದಿಂದ ಗುಡಿಸುತ್ತಿದ್ದವಳು ಅವಳು, ಎಲ್ಲರ ಬಾಯಲ್ಲೂ 'ಎಜೆ', ಅಂದರೆ ಅಕ್ಕ. ಇನ್ನೊಂದು ಕೀಲಿ ಅವಳ ಜೇಬಿನಲ್ಲೇ ಇತ್ತು. ಅದು ಇಬ್ಬರಿಗೂ ನೆನಪಾಗಲಿಲ್ಲ.

ಮೂಳೆ ಬಂದು ಮೂರು ವಾರವಾಗಿತ್ತು. ಡಾಕ್ಟರು ದಿನವೂ ಅದನ್ನು ಮನುಷ್ಯರ ಹೆಗಲ ಮೂಳೆಯ ಪಕ್ಕದಲ್ಲಿಟ್ಟು ಶೈಲೋಗೆ ವಿವರಿಸುವುದು ಅವಳ ಕಿವಿಗೆ ಬೀಳುತ್ತಿತ್ತು. ವಾನರನ ಹೆಗಲ ಗುಳಿ ಮೇಲಿನ ಕೊಂಬೆಯ ಕಡೆ ಮುಖ ಮಾಡಿದೆ, ನಮ್ಮದು ಪಕ್ಕಕ್ಕೆ ತಿರುಗಿದೆ. ಅದಕ್ಕೇ ದಿನವಿಡೀ ಕೈ ಎತ್ತಿ ದುಡಿಯುವವರ ಹೆಗಲೊಳಗೆ ಸ್ನಾಯು ಉಜ್ಜಿ ಉಜ್ಜಿ ಸವೆಯುತ್ತದೆ, ಎನ್ನುತ್ತಿದ್ದರು. ಕುಲಿಪಾಳಿಗೆ ಕಂಡ ಲೆಕ್ಕವೇ ಬೇರೆ. ಅವಳ ಬಲಗೈ ಮೇಲೇಳದೆ ನಿಂತದ್ದು ಈ ಮೂಳೆ ಬಂದ ವಾರವೇ. ಅವಳ ಮನೆಯಲ್ಲಿ ಊಟವಾದ ಮೇಲೆ ಕುರಿಯ ಹೆಗಲ ಮೂಳೆಯನ್ನು ಯಾರೂ ಇಡಿಯಾಗಿ ಬಿಡುತ್ತಿರಲಿಲ್ಲ. ನಡುವೆ ತೂತು ಮಾಡಿಯೇ ಎಸೆಯಬೇಕು, ಇಲ್ಲದಿದ್ದರೆ ಹಗೆಯವನು ಅದರಲ್ಲಿ ಮನೆಯ ಗುಟ್ಟನ್ನೆಲ್ಲ ಓದುತ್ತಾನೆಂದು ಅಮ್ಮ ಹೇಳುತ್ತಿದ್ದಳು. ಇಲ್ಲಿ ಇಷ್ಟು ಓದಿದವರು ಇಡೀ ಮೂಳೆಯನ್ನು ಗಾಜಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಯಾರು ಯಾರ ಗುಟ್ಟು ಓದುತ್ತಿದ್ದಾರೋ? ನಿನ್ನೆ ಶೈಲೋ ಹೋದ ಮೇಲೆ ಅವಳು ಉಣ್ಣೆಗಂಬಳಿ ಹೊಲಿಯುವ ದಬ್ಬಳವನ್ನು ಚೀಲದಿಂದ ತೆಗೆದಿದ್ದಳು.

"ನಾಳೆಯಿಂದ ಬರ್ಬೇಡ ನೀನು," ಎಂದರು ಡಾಕ್ಟರ್.

ಶೈಲೋ ಕೀಲಿಯನ್ನು ಮೇಜಿನ ಮೇಲಿಟ್ಟ.

"ತೂತು ಮಾಡಿದ್ದು ನಾನು," ಎಂದಳು ಕುಲಿಪಾ.

ಡಾಕ್ಟರು ನಕ್ಕುಬಿಟ್ಟರು. "ಕುಲಿಪಾ ಎಜೆ, ದಿನಾ ಇವನಿಗೆ ಹಿಟ್ಟಿನ ಬೋರ್ಸೋಕ್ ಕರಿದು ತಂದು ತಿನ್ನಿಸ್ತೀರಿ. ಈಗ ಅವನ ತಪ್ಪನ್ನೂ ನೀವೇ ತಿಂತೀರಾ?"

"ಎಜೆ, ಸುಮ್ನಿರಿ," ಎಂದ ಶೈಲೋ. "ನಾನೇ ಹೇಳ್ಕೊಟ್ಟೆ ಅಂತಾರೆ."

"ಹೇಳ್ಕೊಟ್ಟಿದೀಯ ಅಂತಲೇ ನನ್ನ ಅನುಮಾನ," ಎನ್ನುತ್ತ ಡಾಕ್ಟರು ಕಪಾಟಿನ ಮೇಲ್ತುದಿಯನ್ನು ತೋರಿಸಿದರು. "ಅದು ಇದ್ದಿದ್ದು ಅಲ್ಲಿ. ಸ್ಟೂಲ್ ಹತ್ತಿದ್ರೂ ಎರಡೂ ಕೈ ತಲೆ ಮೇಲೆ ಹೋಗ್ಬೇಕು. ನೀವು ಮೂರು ವಾರದಿಂದ ಟೀ ಲೋಟಾನೂ ಎಡಗೈಲಿ ಹಿಡೀತಿದೀರಿ. ನಾನೇನು ಕುರುಡನಾ?"

ಕುಲಿಪಾ ಸ್ಟೂಲನ್ನು ಎಳೆದುಕೊಂಡು ಹತ್ತಿದಳು. ಎಡಗೈ ಸಲೀಸಾಗಿ ಮೇಲೆ ಹೋಗಿ ಗಾಜಿನ ಬಾಗಿಲನ್ನು ಎತ್ತಿ ಹಿಡಿಯಿತು. ಬಲಗೈ ಹೆಗಲ ಮಟ್ಟಕ್ಕೆ ಬರುವಷ್ಟರಲ್ಲಿ ಅವಳ ತುಟಿ ಬಿಳಿಚಿತು, ಕಣ್ಣಲ್ಲಿ ನೀರು ಬಂತು. ನಿನ್ನೆಯಂತೆಯೇ ಹಲ್ಲು ಕಚ್ಚಿದಳು. ಕೈ ಇನ್ನಷ್ಟು ಮೇಲೆ ಹೋಯಿತು, ಹೋಗಿ ಕಪಾಟಿನ ಮೇಲ್ತುದಿಯನ್ನು ಮುಟ್ಟಿತು.

"ಸರಿ. ತೂತು ನಿಮ್ಮದೇ," ಎಂದರು ಡಾಕ್ಟರ್. ಮರುಕ್ಷಣ ಅವರ ದನಿಯೇ ಬದಲಾಯಿತು. "ಕೈ ಇಳಿಸ್ಬೇಡಿ! ಅಲ್ಲೇ ಇರಿ. ಈಗ ನೋವಿದೆಯಾ?"

"ಇಲ್ಲ. ನಡುವೆ ಮಾತ್ರ ಪ್ರಾಣ ಹೋಯ್ತು."

"ನಡುವೆ! ಕೇಳಿದ್ಯಾ ಶೈಲೋ? ಸ್ನಾಯು ಉಜ್ಜೋದು ಅಲ್ಲೇ! ನಿಂತ್ಕೊಂಡೇನು ನೋಡ್ತಿದೀಯ, ಕೋನ ಅಳೆಯೋದು ತಗೊಂಬಾ. ಬೇಗ!"

ಶೈಲೋ ಮೇಜಿನ ಮೇಲಿದ್ದ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಓಡಿದ. ಡಾಕ್ಟರು ತೂತುಬಿದ್ದ ಮೂಳೆಯನ್ನು ಎಲ್ಲಿಡುತ್ತಿದ್ದೇನೆಂಬುದನ್ನೂ ನೋಡದೆ ಪಕ್ಕಕ್ಕಿಟ್ಟು, ಸ್ಟೂಲಿನ ಹತ್ತಿರ ಬಂದರು.

"ಎಜೆ, ನಾಳೆ ಬೇಗ ಬನ್ನಿ."

"ಗುಡಿಸೋಕಾ?"

ಡಾಕ್ಟರು ಕತ್ತೆತ್ತಿ ಇನ್ನೂ ಹತ್ತಿರ ಬಂದರು. ಅವರು ನೋಡುತ್ತಿದ್ದದ್ದು ಅವಳ ಹೆಗಲನ್ನು, ಮೂರು ವಾರದಿಂದ ಆ ಮೂಳೆಯನ್ನು ನೋಡುತ್ತಿದ್ದ ಅದೇ ಕಣ್ಣಿನಲ್ಲಿ. ಬಲಗೈ ಮೇಲಿದ್ದಂತೆಯೇ, ಗಾಜಿನ ಬಾಗಿಲನ್ನು ಅದಕ್ಕೆ ಒರಗಿಸಿ ಕುಲಿಪಾ ಎಡಗೈ ಇಳಿಸಿ, ಶಾಲನ್ನು ಹೆಗಲು ಮುಚ್ಚುವಂತೆ ಎಳೆದುಕೊಂಡಳು.