ಕಾರ ಹುಣ್ಣಿಮೆಗೆ ಯಾವ ಕಲಂ?

“ನೂರಾ ಹದಿನೆಂಟು, ಉಪಕಲಂ ಒಂದು. ಹೊಡಿ,” ಎಂದರು ವಕೀಲ ಬಸವಂತ್ರಾಯರು. ಪರಿಮಳಾಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಹೊಡೆಯಲಿಲ್ಲ.

ಶಹಾಪುರ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಆ ಬೆರಳುಗಳಿಗೆ ಒಂದೇ ಕೆಲಸ: ವಕೀಲರ ಬಾಯಿಂದ ಬಿದ್ದದ್ದನ್ನು ಹಾಳೆಗೆ ಇಳಿಸುವುದು. ಕುಡುಗೋಲಿನ ಗಾಯವೆಂದರೆ ಮುನ್ನೂರಾ ಇಪ್ಪತ್ತನಾಲ್ಕು, ಕಳುವೆಂದರೆ ಮುನ್ನೂರಾ ಎಪ್ಪತ್ತೊಂಬತ್ತು. ತಲೆಗೆ ಹೊಳೆಯುವ ಮೊದಲೇ ಬೆರಳು ಹೊಡೆದಿರುತ್ತಿತ್ತು. ನಲವತ್ತು ದಾಟಿದ ಮೇಲೆ ಕಾನೂನು ಪದವಿ ಮುಗಿಸಿ ವಕೀಲಿಕೆಯ ಪರೀಕ್ಷೆಗೆ ಕೂತಾಗ ಆ ಬೆರಳುಗಳೇ ಅವಳಿಗೆ ವೈರಿಯಾದವು. ಹೋದ ವರ್ಷದ ಜುಲೈ ಒಂದರಿಂದಷ್ಟೇ ಹೊಸ ಕಾನೂನು ಬಂದು ಕಲಂಗಳ ಅಂಕಿಗಳೆಲ್ಲ ಬದಲಾಗಿದ್ದವು. ಅವಳು ಹಳೆಯ ಅಂಕಿಗಳಿಗೇ ಗುರುತು ಹಾಕಿ ಬಂದು, ಮೂರು ಅಂಕ ಕಡಿಮೆ ಬಿದ್ದು ಫೇಲಾಗಿದ್ದಳು.

ಅಂದಿನಿಂದ ಸುರಪುರದ ಮನೆಯಲ್ಲಿ ನಸುಕಿನ ನಾಲ್ಕೂವರೆಗೆ ದೀಪ ಹತ್ತುತ್ತದೆ. ರೊಟ್ಟಿ ಬಡಿಯುವ ಮೊದಲು ಹತ್ತು ಕಲಂ. ತಪ್ಪು ಟೈಪಾಗಿ ಉಳಿದ ಹಾಳೆಗಳ ಹಿಂಬದಿಯಲ್ಲಿ ಎಡಕ್ಕೆ ಹಳೆಯ ಅಂಕಿ, ಬಲಕ್ಕೆ ಹೊಸದು. ಬರುವ ಬಸ್ಸಿನಲ್ಲಿ ಸಂವಿಧಾನ, ಹೋಗುವ ಬಸ್ಸಿನಲ್ಲಿ ಸಾಕ್ಷ್ಯ ಕಾನೂನು. ಭಾನುವಾರ ಗಂಡ ಅಂಬ್ರಪ್ಪ ಗಡಿಯಾರ ಹಿಡಿದು ಹೊಸ್ತಿಲಲ್ಲಿ ಕೂರುತ್ತಾನೆ. ಒಳಗೆ ಅವಳಿಗೆ ನೂರು ಪ್ರಶ್ನೆ, ಮೂರೂವರೆ ತಾಸು. ಬಂದ ಬೀಗರಿಗೆ ಅಂಗಳದಲ್ಲೇ ಚಹಾ ಕುಡಿಸಿ ಸಾಗಹಾಕಿದ್ದೂ ಉಂಟು. ಹಳೆಯ ಅಂಕಿ ನಾಲಿಗೆಗೆ ಬಂದ ದಿನ ಹೊಸದನ್ನು ಇಪ್ಪತ್ತು ಸಲ ಬರೆಯುತ್ತಾಳೆ. ಪರೀಕ್ಷೆಗೆ ಇನ್ನು ಒಂಬತ್ತು ದಿನ. ವಕೀಲರು ಹೇಳಿದ ನೂರಾ ಹದಿನೆಂಟು ಕುಡುಗೋಲಿನ ಗಾಯಕ್ಕೆ ಇರುವ ಹೊಸ ಕಲಮ್ಮೇ. ಆದರೂ ಕೈ ಏಳಲಿಲ್ಲ.

“ಯಾಕ ನಿಂತಿ? ಹೊಸ ಕಲಂ ಇನ್ನೂ ತಲಿಗೆ ಹತ್ತಿಲ್ಲೇನು? ಪರೀಕ್ಷಿ ಬಾಗಿಲಿಗೆ ಬಂತಲ್ಲ ಪರಿಮಳವ್ವ!” ಬಸವಂತ್ರಾಯರು ನಕ್ಕರು. ಪಕ್ಕದ ಝೆರಾಕ್ಸ್ ಅಂಗಡಿಯ ಆಸೀಫನೂ ನಕ್ಕ.

“ಕುಡಗೋಲಿಲೆ ಹೊಡದದ್ದು ಯಾವ ದಿನ ಅಂತ ಹಾಕ್ಲಿರಿ ಸಾಹೇಬ್ರ?”

“ಜುಲೈ ಅಂತ ಹಾಕು. ಹ್ವಾದ ವರ್ಷ ಯಾವ್ದೋ ಹಬ್ಬದ ದಿನ ಅಂತಾಳ ಈ ಮುದುಕಿ. ಮಳಿ ಬಿದ್ದಿತ್ತಂತ. ಜುಲೈನೇ ಇರ್ತದ ತಗೋ.”

ಪರಿಮಳಾ ಕೆಳಗೆ ಕಟ್ಟೆಯ ಮೇಲೆ ಕೂತಿದ್ದ ಕಕ್ಷಿದಾರಳ ಕಡೆ ತಿರುಗಿದಳು. ಕೊಂಕಲ್ಲಿನ ಹಣಮಂತಮ್ಮ. ಊರ ಹಿರಿಯರು ರಾಜಿ ಮಾಡಿಸುತ್ತೇವೆಂದು ವರ್ಷದ ಮೇಲೆ ಎಳೆದಾಡಿದ್ದರಿಂದ ಈಗ ಕೋರ್ಟಿಗೇ ದೂರು ಕೊಡಲು ಬಂದಿದ್ದಳು.

“ಯವ್ವಾ, ಯಾವ ಹಬ್ಬ ಅದು?”

“ಕಾರ ಹುಣ್ಣಿವಿ ನಮ್ಮವ್ವ. ಎತ್ತಿನ ಕೋಡಿಗೆ ಬಣ್ಣ ಹಚ್ಚಾಕತ್ತಿದ್ದೆ. ಬಾಜೂ ಹೊಲದಾಂವ ಒಡ್ಡಿನ ಜಗಳ ತಗದು ಬಂದು ಕುಡಗೋಲು ಬೀಸಿದ.” ಆಕೆ ಸೆರಗು ಸರಿಸಿ ಮೊಳಕೈಯ ಗಾಯದ ಗುರುತು ತೋರಿಸಿದಳು. “ಬಣ್ಣ ಯಾವ್ದು, ರಗತ ಯಾವ್ದು, ತಿಳೀಲಿಲ್ಲ.”

ಪರಿಮಳಾ ಮೊಬೈಲಿನಲ್ಲಿ ಹಿಂದಿನ ವರ್ಷದ ಪಂಚಾಂಗ ತೆಗೆದಳು. ಕಾರ ಹುಣ್ಣಿಮೆ ಜೂನಿನಲ್ಲೇ ಬಂದುಹೋಗಿತ್ತು. ತನ್ನ ಮಾತು ತಪ್ಪಾದರೆ ಸಂಜೆಯೊಳಗೆ ಬಾರ್ ರೂಮಿನಿಂದ ಬಸ್‌ಸ್ಟ್ಯಾಂಡಿನ ತನಕ ನಗೆ ಹಬ್ಬುತ್ತದೆ. ಸುಮ್ಮನಿದ್ದರೆ ಅರ್ಜಿ ತಿದ್ದುಪಡಿಗೆ ವಾಪಸು ಬಂದು, ಈ ಮುದುಕಿ ಮತ್ತೆ ಕೊಂಕಲ್ಲಿನಿಂದ ಬಸ್ಸು ಹತ್ತಬೇಕು. ಅದಕ್ಕಿಂತ ದೊಡ್ಡ ಅಂಜಿಕೆ ಬೇರೆ ಇತ್ತು. ಹೇಳಿದ್ದನ್ನು ಹೊಡೆಯುವ ಹೆಂಗಸು ಪರೀಕ್ಷೆಯ ಕೋಣೆಯೊಳಗೆ ಹೋದರೆ ಏನಾಗುತ್ತದೆಂದು ಅವಳು ಒಮ್ಮೆ ಕಂಡಿದ್ದಳು.

“ಇದಕ್ಕ ಹೊಸ ಕಲಂ ಬರಂಗಿಲ್ರಿ ಸಾಹೇಬ್ರ. ಗುನ್ಹೆ ಆದದ್ದು ಜೂನ್‌ದಾಗ. ಅವತ್ತು ಹಳೇ ಕಾನೂನೇ ಇತ್ತು. ಮುನ್ನೂರಾ ಇಪ್ಪತ್ನಾಕೇ ಹಾಕ್ಬೇಕು.”

“ಏ, ದೂರು ಕೊಡಾಕತ್ತಿದ್ದು ಈಗಲ್ಲೇನು?”

“ಕೊಡೋ ಪದ್ಧತಿ ಈಗಿಂದ್ರಿ. ಕಲಂ ಆಗಿಂದು.”

“ಟೈಪ್ ಮಾಡಾಕ ಕುಂತಾಕಿ ನೀ…” ಎಂದು ಶುರುಮಾಡಿದ ಬಸವಂತ್ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವಳ ಮೊಬೈಲು ಇಸಿದುಕೊಂಡು ನೋಡಿದರು. ಆಸೀಫ್ ಝೆರಾಕ್ಸ್ ನಿಲ್ಲಿಸಿ ಇತ್ತಲೇ ಕಿವಿಗೊಟ್ಟಿದ್ದ.

“ಹ್ವಾದ ವಾರ ಎರಡು ಅರ್ಜಿ ಹಿಂಗೇ ಹೊಸ ಕಲಂ ಹಾಕಿ ಕೊಟ್ಟೀನಲ್ಲ ಮಾರಾಯ್ತಿ,” ಎಂದರು ಕೊನೆಗೆ, ದನಿ ಇಳಿಸಿ.

ಪರಿಮಳಾ ಮೂರು, ಎರಡು, ನಾಲ್ಕು ಎಂದು ಒಂದೊಂದೇ ಕೀಲಿ ಒತ್ತಿದಳು. ಆ ಅಂಕಿಗಳನ್ನು ಸಾವಿರ ಸಲ ಹೊಡೆದಿದ್ದಳು. ತಾನೇ ಯೋಚಿಸಿ ಹೊಡೆದದ್ದು ಇದೇ ಮೊದಲು. ಎದೆಯೊಳಗೆ ಏನೋ ನೆಟ್ಟಗೆ ಎದ್ದು ನಿಂತಂತಾಯಿತು.

“ಏನಾತವ್ವ? ನನ್ನ ಕೇಸು ಹಳೇದಾತೇನು?” ಹಣಮಂತಮ್ಮ ಗಾಬರಿಯಾಗಿ ಕೇಳಿದಳು.

“ಇಲ್ಲ ಯವ್ವ. ಗಟ್ಟಿ ಆತು.”

ಬಸವಂತ್ರಾಯರು ಚೀಲದಿಂದ ಇನ್ನೊಂದು ಕಡತ ತೆಗೆದು ಅವಳ ಮುಂದಿಟ್ಟರು. ಅಭ್ಯಾಸದಂತೆ ಅವಳ ಕೈ ಕೀಲಿಮಣೆಯ ಕಡೆ ಹೋಯಿತು.

“ಟೈಪ್ ಮಾಡಬ್ಯಾಡ,” ಎಂದರು. “ಮೊದಲು ಓದು.”

ಪರಿಮಳಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಹಾಳೆಯಿಂದ ಓದತೊಡಗಿದಳು. ಅವಸರ ಮಾಡಲಿಲ್ಲ. ವಕೀಲರು ಬಿಸಿಲಲ್ಲಿ ನಿಂತು ಕಾದರು.